ಡೆಲ್ಫ್ಟಿನ ಬೈಯೆರಿಂಕ್

ಕೂಡಲೇ ಲಾಭವನ್ನು ತೋರಿಸಲಾರದ ವಿದ್ಯೆಗೆ ಹಣವನ್ನೇಕೆ ವ್ಯಯಮಾಡಬೇಕೆಂದು ಕೇಳುವವರು ಎಲ್ಲ ದೇಶಗಳಲ್ಲಿಯೂ ಉಂಟು. ಅಂತಹವರು ಹಾಲೆಂಡಿನ ವಿಜ್ಞಾನಿ ಮಾರ್ಟಿನಸ್ ಬೈಯೆರಿಂಕನ ಚರಿತ್ರೆಯನ್ನು ಒಮ್ಮೆ ಪರ್ಯಾಲೋಚಿಸುವುದು ಒಳ್ಳೆಯದು.

ಈತನು 1851ನೆಯ ಇಸವಿ ಮಾರ್ಚಿ 16ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಜನಿಸಿದನು. ತಂದೆಯು ಹೊಗೆಸೊಪ್ಪಿನ ವ್ಯಾಪಾರದಲ್ಲಿ ದಿವಾಳಿಯಾದುದರಿಂದ ಮನೆಯಲ್ಲಿ ಬಡತನವು ನೆಲಸಿತು. ಆದರೂ ಬಾಲಕನ ವಿದ್ಯೆಯು ನಿಲ್ಲಲಿಲ್ಲ. ಡೆಲ್ಫ್ಟಿನಲ್ಲಿ ರಸಾಯನಶಾಸ್ತ್ರವನ್ನು ಕಲಿತು, ಗಿಡಗಳ ಮೇಲೆ ಏಳುವ ಗಂಟುಗಳ ವಿಷಯವಾಗಿ ಪ್ರಬಂಧವನ್ನು ಬರೆದು, 1877ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದನು. ಕೆಲವು ವರ್ಷ ವಾಗೆನಿಂಗೆನ್ ಕೃಷಿಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು.

1885ರಲ್ಲಿ ಡೆಲ್ಫ್ಟಿನ ಈಸ್ಟ್ ಮತ್ತು ಮದ್ಯಸಾರದ ಕಾರ್ಖಾನೆಯ ಒಡೆಯನಾದ ವಾನ್ ಮಾರ್ಕೆನನು ಈತನನ್ನು ತನ್ನ ಪ್ರಯೋಗಶಾಲೆಗೆ ಕರೆದುಕೊಂಡನು. ಸೂಕ್ಷ್ಮಜೀವಿಶಾಸ್ತ್ರವು ಬೈಯೆರಿಂಕನಿಗೆ ಆಗ ಹೊಸದು. ಈ ಕೆಲಸಕ್ಕೆ ತಾನು ಅರ್ಹನಲ್ಲವೆಂಬ ಶಂಕೆಯು ಆತನನ್ನು ಬಾಧಿಸುತ್ತಿದ್ದಿತು. ಆದರೆ ಒಡೆಯನು ಅವಸರಪಡಲಿಲ್ಲ. ಕಾರ್ಖಾನೆಗೆ ನೇರವಾಗಿ ಸಂಬಂಧಿಸದ ವಿಷಯಗಳನ್ನು ಶೋಧಿಸಲು ಅವಕಾಶವನ್ನೂ ಕೊಟ್ಟನು.

ಅದರ ಫಲವು ಎರಡು ಮಹತ್ಕಾರ್ಯಗಳು. ಅವರೆ, ಕಡಲೆ ಮೊದಲಾದ ದ್ವಿದಳ ಧಾನ್ಯಗಳು ಭೂಮಿಯ ಸಾರವನ್ನು ಹೆಚ್ಚಿಸುವುದು ರೈತರಿಗೆ ಪುರಾತನಕಾಲದಿಂದಲೂ ತಿಳಿದ ಸಂಗತಿ. ವಾಯುವಿನಲ್ಲಿ 100ಕ್ಕೆ 78 ಭಾಗ ಸಾರಜನಕವಿದ್ದರೂ ಗಿಡಗಳು ಅದನ್ನು ನೇರವಾಗಿ ಉಪಯೋಗಿಸಲಾರವು. ದ್ವಿದಳ ಸಸ್ಯಗಳಿಗೆ ಬೇರುಗಂಟುಗಳ ಮೂಲಕ ಅದು ಲಭಿಸುವುದೆಂದು ಜರ್ಮನಿಯ ಹೆಲ್‌ರೀಗೆಲ್, ವಿಲ್ಫಾರ್ಟ್ ಎಂಬವರು ತೋರಿಸಿದ್ದರು. ಆ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯವನ್ನು 1888ರಲ್ಲಿ ಪ್ರತ್ಯೇಕಿಸಿ ಶುದ್ಧವಾಗಿ ಬೆಳೆಸಿದವನು ಬೈಯೆರಿಂಕ್. ಗಿಡವು ಸಕ್ಕರೆಯನ್ನು ಕೊಡುವುದು, ಆ ಜೀವಿಯು ಸಾರಜನಕವನ್ನು ಕೊಡುವುದು; ಇದು ಉಭಯರಿಗೂ ಹಿತವಾದ ಒಪ್ಪಂದ. ಎರಡು ವರ್ಷಗಳ ತರುವಾಯ, ಕೊಳದ ನೀರಿನಲ್ಲಿ ಸಿಕ್ಕುವ ಕ್ಲೋರೆಲ್ಲ ಎಂಬ ಏಕಕೋಶದ ಹಸಿರು ಪಾಚಿಯನ್ನೂ ಆತನು ಹಾಗೆಯೇ ಶುದ್ಧವಾಗಿ ಬೆಳೆಸಿದನು.

1895ರಲ್ಲಿ ಆತನು ಡೆಲ್ಫ್ಟಿನಲ್ಲಿ ಪ್ರೊಫೆಸರನಾದನು. ಬೇಕಾದ ಜೀವಿಯು ಮಾತ್ರ ಏಳಿಗೆಹೊಂದುವಂತಹ ಆಹಾರವನ್ನು ಸಿದ್ಧಪಡಿಸಿ, ಲಕ್ಷಾಂತರ ಜೀವಿಗಳ ನಡುವೆ ಅದನ್ನು ಆರಿಸಿ ತೆಗೆಯುವುದು ಆತನ ಕ್ರಮ. 1898ರಲ್ಲಿ ಹೊಗೆಸೊಪ್ಪಿನ ಒಂದು ರೋಗಕ್ಕೆ ಬ್ಯಾಕ್ಟೀರಿಯಕ್ಕಿಂತ ಭಿನ್ನವಾದ ಕಾರಣವುಂಟೆಂದು ಸಾರಿ, ವೈರಸ್ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟನು. ಅದನ್ನು ದ್ರವವೆಂದು ಭಾವಿಸಿದುದು ಮಾತ್ರ ತಪ್ಪಾಯಿತು. ಆತನ ಸ್ವಭಾವವೂ ಮೃದುವಾಗಿರಲಿಲ್ಲ. ಶಿಷ್ಯರು ಆತನ ಕಟುತ್ವಕ್ಕೆ ಅಂಜುತ್ತಿದ್ದರು. ಅವಿವಾಹಿತನಾಗಿಯೇ ಇದ್ದು, 1921ರಲ್ಲಿ ನಿವೃತ್ತನಾಗಿ, 1931ನೆಯ ಇಸವಿ ಜನವರಿ 1ರಂದು ತೀರಿಕೊಂಡನು.

ಆತನ ಕಾರ್ಯವು ಆತನೊಡನೆ ಮುಗಿಯಲಿಲ್ಲ. ಇಂದು ನಮ್ಮ ರೈತರು ತೊಗರಿ, ನೆಲಗಡಲೆಗಳ ಬೀಜಗಳಿಗೆ ಬೆಲ್ಲದ ಅಂಟಿನಲ್ಲಿ ಸವರಿ ಬಿತ್ತುವ ಸೂಕ್ಷ್ಮಾಣುಗೊಬ್ಬರವು ಆ ಬೇರುಗಂಟಿನ ಜೀವಿಯೇ. ಸಾರಜನಕದ ಅಭಾವದಲ್ಲಿ ಬೆಳೆದ ಕ್ಲೋರೆಲ್ಲದಲ್ಲಿ ಎಣ್ಣೆಯು ಬಹಳವಾಗಿ ಶೇಖರವಾಗುವುದೆಂದು ಅಮೆರಿಕದ ವಿದ್ವಾಂಸರು 1949ರಲ್ಲಿ ಪ್ರಕಟಿಸಿದರು. ಪಾಚಿಯಿಂದ ಇಂಧನವನ್ನು ತೆಗೆಯುವ ಶೋಧನೆಯನ್ನು ಆ ದೇಶದ ಸರ್ಕಾರವು 1978ರಿಂದ 1996ರ ವರೆಗೆ ನಡೆಯಿಸಿತು. ಆದರೆ ಹಸಿದ ಪಾಚಿಯಲ್ಲಿ ಎಣ್ಣೆಯು ಹೆಚ್ಚಿದರೂ ಬೆಳವಣಿಗೆಯು ಕುಂದುವುದು. ಅದನ್ನು ನೀರಿನಿಂದ ಸೋಸಿ ತೆಗೆಯುವ ವೆಚ್ಚವೂ ಅಧಿಕ. ಆದಕಾರಣ ಅದು ಬೆಲೆಯಲ್ಲಿ ಪೆಟ್ರೋಲಿಯಮ್ಮಿನೊಡನೆ ಇನ್ನೂ ಸರಿದೂಗಿಲ್ಲ. ಪಾಚಿಯೊಡನೆ ಉಪಕಾರಿ ಬ್ಯಾಕ್ಟೀರಿಯಗಳನ್ನು ಕೂಡಿಸಿ ಬೆಳೆಸುವ ಪ್ರಯೋಗಗಳೂ ನಡೆದಿವೆ.

ವಾನ್ ಮಾರ್ಕೆನನು ಅಂದಂದಿನ ಲಾಭವನ್ನೇ ಲೆಕ್ಕಹಾಕಿದ್ದರೆ ಬೇರುಗಂಟಿಗೂ ಪಾಚಿಗೂ ಆತನ ಕಾರ್ಖಾನೆಯಲ್ಲಿ ಸ್ಥಳವಿರುತ್ತಿರಲಿಲ್ಲ. ವಿದ್ಯಾಶಾಲೆಗಳಿಗೆ ಧನವನ್ನು ಮಂಜೂರು ಮಾಡುವ ಅಧಿಕಾರಿಗಳು ಈ ಮಾತನ್ನು ಮನಸ್ಸಿನಲ್ಲಿಡತಕ್ಕದ್ದು. ತೆಂಗನ್ನು ನೆಡುವವನು ಮರುವರ್ಷವೇ ಎಳನೀರನ್ನು ಕೇಳುವುದಿಲ್ಲ.