ತರಗತಿಯಿಂದ ಭಯವನ್ನು ಹೊರಗಟ್ಟಿದ ಗಿಜುಭಾಯಿ

ಬೆತ್ತವಿಲ್ಲದ ಶಾಲೆಯನ್ನು ಊಹಿಸುವುದೂ ಕಷ್ಟವಾಗಿದ್ದ ಕಾಲವದು. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಅಂಥದೊಂದು ಶಾಲೆಯ ಬಾಗಿಲು ತೆರೆಯಿತು. ಅದನ್ನು ತೆರೆದವರು ಒಬ್ಬ ವಕೀಲರು ಎಂಬುದು ಸೋಜಿಗದ ಸಂಗತಿ.

ಅವರೇ ಗಿಜುಭಾಯಿ ಬಧೇಕಾ. 1885ರ ನವೆಂಬರ್ 15ರಂದು ಸೌರಾಷ್ಟ್ರದ ಚಿತ್ತಲ್‌ನಲ್ಲಿ ಜನಿಸಿದರು. ಜೀವನೋಪಾಯ ಅರಸಿ 1907ರಲ್ಲಿ ಪೂರ್ವ ಆಫ್ರಿಕಾಕ್ಕೆ ತೆರಳಿ, ಮರಳಿದ ನಂತರ ಕಾನೂನು ಓದಿ ವಕೀಲಿಕೆ ಹಿಡಿದರು. 1913ರಲ್ಲಿ ಮಗ ನರೇಂದ್ರ ಹುಟ್ಟಿದ. ಈ ಕೂಸನ್ನು ಎಂಥ ಶಾಲೆಗೆ ಕಳುಹಿಸುವುದು ಎಂಬ ಚಿಂತೆ ತಂದೆಯನ್ನು ಕಾಡತೊಡಗಿತು. ಇಟಲಿಯ ಮರಿಯಾ ಮಾಂಟೆಸ್ಸೊರಿ ಅವರ ವಿಚಾರಗಳ ಪರಿಚಯವಾದದ್ದು ಆಗಲೇ. 1916ರಲ್ಲಿ ವಕೀಲಿಕೆ ತೊರೆದ ಅವರು ನಾನಾಭಾಯಿ ಭಟ್ಟರ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ನಾಲ್ಕು ವರ್ಷಗಳ ಬಳಿಕ ಅಲ್ಲಿಯೇ ಬಾಲಮಂದಿರ ಆರಂಭಿಸಿದರು.

ಅಲ್ಲಿ ಶಿಕ್ಷೆ ಇರಲಿಲ್ಲ. ಬಹುಮಾನದ ಆಮಿಷವೂ ಇರಲಿಲ್ಲ. ದಂಡನೆ ಹೆದರಿಸಿದರೆ ಬಹುಮಾನ ಸೋತ ಮಗುವನ್ನು ಕುಗ್ಗಿಸುತ್ತದೆ ಎಂಬುದು ಅವರ ನಿಲುವು. ಕಥೆ, ಹಾಡು, ನಾಟಕಗಳೇ ಅಲ್ಲಿನ ಪಾಠಗಳಾದವು. ಪೊದೆಮೀಸೆಯ ಈ ಗುರುವನ್ನು ಜನ ಮೀಸೆಯ ತಾಯಿ ಎಂದೇ ಕರೆದರು.

ಹಾಗೆಂದು ಎಲ್ಲವೂ ಸುಸೂತ್ರವೆಂದು ಅವರು ಬಿಂಬಿಸಲಿಲ್ಲ. ಹೆಸರಾಂತ ಕೃತಿ 'ದಿವಾಸ್ವಪ್ನ'ದಲ್ಲಿ ಲಕ್ಷ್ಮೀಶಂಕರ ಎಂಬ ಕಾಲ್ಪನಿಕ ಶಿಕ್ಷಕನಿಗೆ ಪ್ರಯೋಗಕ್ಕೆಂದು ನಾಲ್ಕನೆಯ ತರಗತಿ ದೊರೆಯುತ್ತದೆ. ಮೊದಲ ದಿನವೇ ಸೋಲು. ಮೌನದ ಆಟ ಆಡಿಸಹೊರಟರೆ ಹುಡುಗರು ಗದ್ದಲವೆಬ್ಬಿಸುತ್ತಾರೆ. ಗದರಲಾರದ ಶಿಕ್ಷಕ ಅವರನ್ನು ಮನೆಗೆ ಕಳುಹಿಸಿಬಿಡುತ್ತಾನೆ. ಮುಖ್ಯೋಪಾಧ್ಯಾಯರ ಅಸಮಾಧಾನಕ್ಕೂ ಗುರಿಯಾಗುತ್ತಾನೆ. ಮರುದಿನ ಆತ ಕಥೆಯೊಂದನ್ನು ಆರಂಭಿಸುತ್ತಾನೆ. ಹಿಂದಿನ ದಿನ ಹದ್ದುಬಸ್ತಿಗೆ ಬಾರದಿದ್ದ ತರಗತಿ ತಾನಾಗಿಯೇ ಹತ್ತಿರ ಸರಿದು ಕೂರುತ್ತದೆ. ಹೆದರಿಕೆಯಿಂದ ಬಂದ ಮೌನಕ್ಕೂ ಆಸಕ್ತಿಯಿಂದ ಬಂದ ಮೌನಕ್ಕೂ ಇರುವ ಅಂತರ ಶಿಕ್ಷಣಶಾಸ್ತ್ರದ ದಪ್ಪ ಗ್ರಂಥಗಳಿಗಿಂತ ಈ ಪುಟ್ಟ ಪುಸ್ತಕದಲ್ಲಿ ನಿಚ್ಚಳವಾಗಿದೆ. ಪಠ್ಯ ಮುಗಿಯುವುದೆಂದು, ಪರೀಕ್ಷೆಯ ಗತಿಯೇನು ಎಂದು ಸಹೋದ್ಯೋಗಿಗಳು ಕೊಂಕು ತೆಗೆಯುವ ಪ್ರಸಂಗಗಳೂ ಇವೆ. ಇಂದಿನ ಶಿಕ್ಷಕರಿಗೂ ಅವು ಅಪರಿಚಿತವೆನಿಸಲಾರವು.

ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದ ಗಿಜುಭಾಯಿ 1939ರ ಜೂನ್ 23ರಂದು ನಿಧನರಾದರು. ಆಗ ಅವರಿಗಿನ್ನೂ 53 ವರ್ಷ.

ಬಾಲಮಂದಿರದಲ್ಲಿ ಅವರೊಡನೆ ದುಡಿದಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಅನುತಾಯಿ ವಾಘ್ ಜತೆಗೂಡಿದರು. ಮಕ್ಕಳು ಶಾಲೆಯತ್ತ ಸುಳಿಯದಿದ್ದಾಗ ಇಬ್ಬರೂ ಅವರನ್ನು ದೂರಲಿಲ್ಲ. ಶಾಲೆಯನ್ನೇ ಹಾಡಿಗಳ ಅಂಗಳಕ್ಕೆ ಕೊಂಡೊಯ್ದರು.