ಫ್ಲಾರೆನ್ಸ್ ಬಲಾರ್ಡ್

ಅಮೆರಿಕದ ಡಿಟ್ರಾಯಿಟ್ ನಗರವು ಮೋಟಾರು ಕಾರುಗಳಿಗೆ ಹೆಸರಾದುದು. ದಕ್ಷಿಣದ ಹತ್ತಿಯ ಹೊಲಗಳನ್ನು ತೊರೆದು ಬಂದ ಸಹಸ್ರಾರು ಕಪ್ಪು ಜನರು ಅಲ್ಲಿಯ ಕಾರ್ಖಾನೆಗಳಲ್ಲಿ ದುಡಿದು ಜೀವಿಸುತ್ತಿದ್ದರು. ಅಂತಹ ಒಬ್ಬ ಕೆಲಸಗಾರನ ಮಗಳಾಗಿ ಫ್ಲಾರೆನ್ಸ್ ಬಲಾರ್ಡ್ 1943ರ ಜೂನ್ 30ರಂದು ಜನಿಸಿದಳು. ಬಹುಮಕ್ಕಳ ಬಡ ಸಂಸಾರವದು. ಇಗರ್ಜಿಯಲ್ಲಿ ಹಾಡಿ ಹಾಡಿ ಆಕೆಯ ಕಂಠ ಪಳಗಿತು. ಇಗರ್ಜಿಯ ಭಕ್ತಿಗೀತೆಗಳ ಆವೇಶವನ್ನು ಲೌಕಿಕವಾದ ಪ್ರೇಮಗೀತೆಗಳಲ್ಲಿ ತುಂಬಿದುದರಿಂದ ಬೆಳೆದುಬಂದುದೇ ಸೋಲ್ ಸಂಗೀತ.

1959ರಲ್ಲಿ ಫ್ಲಾರೆನ್ಸ್, ಮೇರಿ ವಿಲ್ಸನ್, ಡಯಾನಾ ರಾಸ್ ಮತ್ತು ಬೆಟ್ಟಿ ಮೆಕ್‌ಗ್ಲೌನ್ ಎಂಬ ನಾಲ್ವರು ಬಾಲೆಯರು ಪ್ರೈಮೆಟ್ಸ್ ಎಂಬ ಗಾಯನ ತಂಡವನ್ನು ಕಟ್ಟಿದರು. ಬೆರಿ ಗಾರ್ಡಿ ಎಂಬಾತ ಅದೇ ಊರಿನಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ನಡೆಸುತ್ತಿದ್ದನು. ಬಾಲೆಯರು ಶಾಲೆ ಬಿಟ್ಟೊಡನೆ ಅಲ್ಲಿಗೆ ಹೋಗಿ, ಇತರರ ಹಾಡುಗಳಿಗೆ ಚಪ್ಪಾಳೆ ತಟ್ಟುತ್ತ, ಹಿಮ್ಮೇಳ ಹಾಡುತ್ತ ಕಾದರು. 1961ರ ಜನವರಿಯಲ್ಲಿ ಕರಾರು ದೊರೆಯಿತು. ಆದರೆ ಹೆಸರು ಬದಲಾಗಬೇಕಿತ್ತು. ಪಟ್ಟಿಯೊಂದರಿಂದ ಸುಪ್ರೀಮ್ಸ್ ಎಂಬುದನ್ನು ಆಯ್ದವಳು ಫ್ಲಾರೆನ್ಸ್. ಉಳಿದವರಿಗೆ ಆ ಹೆಸರು ರುಚಿಸಲಿಲ್ಲ. ಜಗತ್ತು ಕೊನೆಗೆ ಅವರನ್ನು ಬಲ್ಲುದು ಆ ಹೆಸರಿನಿಂದಲೇ!

ಮೊದಲ ಮುದ್ರಿಕೆಗಳು ಒಂದಾದ ಮೇಲೊಂದು ಸೋತವು. 1962ರ ವೇಳೆಗೆ ತಂಡದಲ್ಲಿ ಮೂವರೇ ಉಳಿದಿದ್ದರು. ಫ್ಲಾರೆನ್ಸಳದು ತುಂಬುಕಂಠ, ಆಕೆಯನ್ನು ಧ್ವನಿವರ್ಧಕದಿಂದ ದೂರ ನಿಲ್ಲಿಸಿ ಹಾಡಿಸುತ್ತಿದ್ದರೆಂದು ಹೇಳುತ್ತಾರೆ. ಡಯಾನಾಳದು ತೆಳುವಾದ, ಹರಿತವಾದ ಧ್ವನಿ. ಆಕಾಶವಾಣಿಯಲ್ಲಿ ಬಿಳಿಯ ಶ್ರೋತೃಗಳನ್ನೂ ಅದು ಸೆಳೆಯಬಲ್ಲುದೆಂದು ಗಾರ್ಡಿ ಎಣಿಸಿ, ಆಕೆಯನ್ನೇ ಮುಖ್ಯ ಗಾಯಕಿಯನ್ನಾಗಿ ಮಾಡಿದನು. ವ್ಯಾಪಾರದ ದೃಷ್ಟಿಯಿಂದ ಅವನ ಎಣಿಕೆ ತಪ್ಪಲಿಲ್ಲ. 1964ರಲ್ಲಿ ಬೇರೊಂದು ತಂಡವು ನಿರಾಕರಿಸಿದ್ದ ಹಾಡೊಂದನ್ನು ಇವರು ಮನಸ್ಸಿಲ್ಲದ ಮನಸ್ಸಿನಿಂದ ಹಾಡಿದರು. ಅದು ದೇಶದಲ್ಲೇ ಮೊದಲ ಸ್ಥಾನಕ್ಕೇರಿತು. ಅಲ್ಲಿಂದ ಸತತವಾಗಿ ಐದು, 1967ರ ವೇಳೆಗೆ ಒಟ್ಟು ಹತ್ತು ಹಾಡುಗಳು ಆ ಸ್ಥಾನವನ್ನು ಪಡೆದವು. ಕಪ್ಪು ಜನರಿಗೆ ಮತದಾನದ ಹಕ್ಕೂ ಸರಿಯಾಗಿ ದಕ್ಕದಿದ್ದ ಕಾಲದಲ್ಲಿ ಈ ತರುಣಿಯರು ಮನೆಮನೆಯ ದೂರದರ್ಶನದಲ್ಲಿ ಕಾಣಿಸಿಕೊಂಡುದು ಸಾಮಾನ್ಯ ಸಂಗತಿಯಲ್ಲ.

ತಾನು ಹೆಸರಿಟ್ಟ ತಂಡದಲ್ಲಿ ಫ್ಲಾರೆನ್ಸ್ ಹಿಂದಕ್ಕೆ ಸರಿಯುತ್ತಲೇ ಹೋದಳು. ಮನಸ್ಸು ಕಹಿಯಾಯಿತು, ಮದ್ಯದ ಚಟ ಅಂಟಿತು, ಕಾರ್ಯಕ್ರಮಗಳು ತಪ್ಪತೊಡಗಿದವು. 1967ರ ಬೇಸಗೆಯಲ್ಲಿ ಆಕೆಯನ್ನು ತಂಡದಿಂದ ಹೊರಗಿಟ್ಟು, ಸಿಂಡಿ ಬರ್ಡ್‌ಸಾಂಗಳನ್ನು ಸೇರಿಸಿಕೊಂಡರು. ತಪ್ಪು ಒಬ್ಬರದೇ ಎನ್ನಲಾಗದು. ಆದರೆ ಮರುವರ್ಷದ ಒಪ್ಪಂದ ಮಾತ್ರ ಕಠಿಣವಾಗಿತ್ತು: ತಾನು ಸುಪ್ರೀಮ್ಸ್ ತಂಡದವಳಾಗಿದ್ದೆನೆಂದು ಪ್ರಚಾರದಲ್ಲಿ ಹೇಳಿಕೊಳ್ಳುವ ಹಕ್ಕನ್ನೂ ಆಕೆ ಬಿಟ್ಟುಕೊಡಬೇಕಾಯಿತು. ಎ.ಬಿ.ಸಿ. ಸಂಸ್ಥೆಗಾಗಿ ಒಂಟಿಯಾಗಿ ಹಾಡಿದ ಎರಡು ಮುದ್ರಿಕೆಗಳು ಜನರನ್ನು ಮುಟ್ಟಲಿಲ್ಲ. 1971ರಲ್ಲಿ ಮೋಟೌನಿನ ಮೇಲೆ ಹೂಡಿದ ದಾವೆ ವಜಾ ಆಯಿತು. ಮನೆಯೂ ಕೈತಪ್ಪಿತು. ಒಂದು ಕಾಲಕ್ಕೆ ಲಕ್ಷಾಂತರ ಡಾಲರುಗಳ ಗಾಯಕಿ ಮೂವರು ಹೆಣ್ಣುಮಕ್ಕಳೊಡನೆ ಸರ್ಕಾರದ ಸಹಾಯಧನದಿಂದ ಬದುಕಿದಳು.

1975ರಲ್ಲಿ ಡಿಟ್ರಾಯಿಟಿನ ಫೋರ್ಡ್ ಸಭಾಂಗಣದಲ್ಲಿ ನಡೆದ ಸಹಾಯಾರ್ಥ ಸಭೆಯಲ್ಲಿ ಆಕೆ ಮತ್ತೆ ಹಾಡಿದಳು. ನೆರೆದವರು ಎದ್ದುನಿಂತು ಕರತಾಡನ ಮಾಡಿದರು. ಮುಂದಿನ ವರ್ಷ ಫೆಬ್ರವರಿ 22ರಂದು ಹೃದಯಾಘಾತದಿಂದ ಕಣ್ಮುಚ್ಚಿದಾಗ ಆಕೆಗೆ ಕೇವಲ 32 ವರ್ಷ. ಅಂತ್ಯಸಂಸ್ಕಾರದ ದಿನ ನ್ಯೂ ಬೆಥೆಲ್ ಇಗರ್ಜಿಯ ಮುಂದೆ ಸಾವಿರಾರು ಜನ ಸೇರಿದ್ದರು. 1988ರಲ್ಲಿ ಸುಪ್ರೀಮ್ಸ್ ತಂಡವನ್ನು ರಾಕ್ ಅಂಡ್ ರೋಲ್ ಕೀರ್ತಿಮಂದಿರಕ್ಕೆ ಸೇರಿಸಿಕೊಂಡಾಗ, ಮೇರಿ ವಿಲ್ಸನ್ನಳ ಪಕ್ಕದಲ್ಲಿ ಫ್ಲಾರೆನ್ಸಳ ಮಗಳು ವೇದಿಕೆಯ ಮೇಲೆ ನಿಂತಿದ್ದಳು.