ಬಟ್ಟೆ ವ್ಯಾಪಾರಿ ಕಂಡ ಬಾಯೊಳಗಿನ ಲೋಕ



ರಾತ್ರಿಯ ಊಟ ಮುಗಿದಿದೆ. ಮಗು ತೊಡೆಯ ಮೇಲೆಯೇ ನಿದ್ದೆಗೆ ಜಾರುತ್ತಿದೆ. ಹಲ್ಲುಜ್ಜಿಸಲು ಎಬ್ಬಿಸಿದರೆ ಅಳು, ರಂಪ. ಒಂದು ದಿನ ಬಿಟ್ಟರೆ ಏನಾದೀತು, ನೀರಿನಲ್ಲಿ ಬಾಯಿ ಮುಕ್ಕಳಿಸಿದ್ದರೆ ಸಾಕು, ಅದೂ ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುವಂಥದ್ದು ಎಂದು ನೀವು ಸುಮ್ಮನಾಗುತ್ತೀರಿ. ಹೀಗೆ ಸುಮ್ಮನಾಗುವ ಮುನ್ನ, ಮುನ್ನೂರು ವರ್ಷಗಳ ಹಿಂದೆ ಬಾಳಿದ ಒಬ್ಬ ಬಟ್ಟೆ ವ್ಯಾಪಾರಿಯ ಕಥೆಯನ್ನು ದಯವಿಟ್ಟು ಕೇಳಿ.

ಆತನ ಹೆಸರು ಆಂಟನಿ ವಾನ್ ಲೀವೆನ್‌ಹುಕ್. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಿಮ್ಮ ಮಕ್ಕಳು ಈ ಹೆಸರನ್ನು ಓದಿರಬಹುದು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ 1632ರಲ್ಲಿ ಹುಟ್ಟಿದ. ತಂದೆ ಬುಟ್ಟಿ ಹೆಣೆಯುವವರು. ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಹದಿನಾರನೆಯ ವಯಸ್ಸಿನಲ್ಲಿ ಹುಡುಗ ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಹೋಗಿ ಬಟ್ಟೆ ಅಂಗಡಿಯ ಕೆಲಸ ಕಲಿತ. 1654ರಲ್ಲಿ ಊರಿಗೆ ಮರಳಿ ಬಾರ್ಬರಾ ಎಂಬಾಕೆಯನ್ನು ಮದುವೆಯಾಗಿ ತನ್ನದೇ ಅಂಗಡಿ ತೆರೆದ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. ಅಂದಿನ ಪಂಡಿತರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ. ತಾಯ್ನುಡಿ ಡಚ್ ಒಂದೇ ಗೊತ್ತು.

ಈ ದಂಪತಿಗಳಿಗೆ ಐದು ಮಕ್ಕಳು ಹುಟ್ಟಿದವು. ನಾಲ್ಕು ಮಕ್ಕಳು ಎಳವೆಯಲ್ಲೇ ತೀರಿಹೋದವು. ಉಳಿದವಳು ಮರಿಯಾ ಎಂಬ ಮಗಳು ಒಬ್ಬಳೇ. 1666ರಲ್ಲಿ ಬಾರ್ಬರಾ ಕೂಡ ಕಣ್ಮುಚ್ಚಿದರು. ಮಕ್ಕಳನ್ನು ಮಣ್ಣಿಗೆ ಕೊಟ್ಟ ಆ ತಂದೆಯೇ ಮುಂದೆ, ಕಣ್ಣಿಗೆ ಕಾಣದ ಜೀವಿಗಳ ಲೋಕವೊಂದನ್ನು ಮನುಷ್ಯರಿಗೆ ತೋರಿಸಿಕೊಟ್ಟವನು.

ಬಟ್ಟೆಯ ವ್ಯಾಪಾರಿಗಳು ನೂಲಿನ ಗುಣಮಟ್ಟ ನೋಡಲು ಭೂತಗನ್ನಡಿ ಬಳಸುತ್ತಿದ್ದರು. ಲೀವೆನ್‌ಹುಕ್‌ಗೆ ಅಷ್ಟು ಸಾಲಲಿಲ್ಲ. ಮಣಿಯಷ್ಟು ಚಿಕ್ಕ ಗಾಜುಗಳನ್ನು ತಾನೇ ಉಜ್ಜಿ ನಯಗೊಳಿಸಿ, ಹಿತ್ತಾಳೆ ಅಥವಾ ಬೆಳ್ಳಿಯ ತಗಡುಗಳ ನಡುವೆ ಕೂರಿಸಿ ಪುಟ್ಟ ಸೂಕ್ಷ್ಮದರ್ಶಕಗಳನ್ನು ಮಾಡಿದ. ಇಂದಿಗೂ ಉಳಿದಿರುವ ಒಂದು ಗಾಜು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. 1673ರಿಂದ ತಾನು ಕಂಡದ್ದನ್ನೆಲ್ಲ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸತೊಡಗಿದ. ನೀರಿನ ಹನಿಯಲ್ಲಿ ಜೀವಿಗಳು ಓಡಾಡುತ್ತಿವೆ ಎಂದು 1676ರಲ್ಲಿ ಬರೆದಾಗ ಪಂಡಿತರು ಸುಲಭವಾಗಿ ನಂಬಲಿಲ್ಲ. ಮರುವರ್ಷ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಅವನ್ನು ಸ್ವತಃ ನೋಡಿ ದೃಢಪಡಿಸಿದರು. 1680ರಲ್ಲಿ ಸೊಸೈಟಿಯು ಈ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.

ಈಗ ನಮಗೆ ಬೇಕಾದ ವಿಷಯಕ್ಕೆ ಬರೋಣ. 1683ರ ಸೆಪ್ಟೆಂಬರ್ 17ರಂದು ಆತ ಬರೆದ ಪತ್ರ ಬಾಯಿಗೆ ಸಂಬಂಧಿಸಿದ್ದು. ಲೀವೆನ್‌ಹುಕ್ ಹಲ್ಲಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಪ್ರತಿದಿನ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕಿ ನೀರಿನಿಂದ ತೊಳೆಯುವನು. ಊಟವಾದ ಮೇಲೆ ಹಲ್ಲುಕಡ್ಡಿಯಿಂದ ಸಂದುಗಳನ್ನು ಬಿಡಿಸಿ ಬಟ್ಟೆಯಿಂದ ಒರೆಸುವನು. ಐವತ್ತರ ವಯಸ್ಸಿನಲ್ಲೂ ಹಲ್ಲು ಬೆಳ್ಳಗೆ, ಗಟ್ಟಿಯಾಗಿದ್ದವು. ಆದರೂ ಹಲ್ಲುಗಳ ನಡುವೆ ಹಿಟ್ಟಿನಂಥ ಬಿಳಿಯ ವಸ್ತು ಉಳಿದಿರುವುದನ್ನು ಆತ ಗಮನಿಸಿದ. ಅದನ್ನು ತೆಗೆದು ಶುದ್ಧ ಮಳೆನೀರಿನಲ್ಲಿ ಕಲಸಿ ಗಾಜಿನಡಿ ಇಟ್ಟು ನೋಡಿದರೆ, ಅಸಂಖ್ಯಾತ ಸಣ್ಣ ಜೀವಿಗಳು! ಕೆಲವು ಮೀನಿನಂತೆ ಚುರುಕಾಗಿ ಓಡುತ್ತಿದ್ದವು, ಕೆಲವು ಬುಗುರಿಯಂತೆ ತಿರುಗುತ್ತಿದ್ದವು. ತನ್ನ ದೇಶದಲ್ಲಿರುವ ಜನರಿಗಿಂತಲೂ ಹೆಚ್ಚು ಜೀವಿಗಳು ತನ್ನ ಬಾಯೊಂದರಲ್ಲೇ ಇವೆ ಎಂಬುದು ಆತನ ಲೆಕ್ಕ.

ಆತ ಅಲ್ಲಿಗೇ ನಿಲ್ಲಲಿಲ್ಲ. ಇಬ್ಬರು ಹೆಂಗಸರ ಹಲ್ಲಿನಿಂದ, ಸುಮಾರು ಎಂಟು ವರ್ಷದ ಒಂದು ಮಗುವಿನ ಹಲ್ಲಿನಿಂದ, ಜೀವಮಾನದಲ್ಲಿ ಒಮ್ಮೆಯೂ ಬಾಯಿ ತೊಳೆಯದ ಒಬ್ಬ ಮುದುಕನ ಹಲ್ಲಿನಿಂದ ಮಾದರಿ ತೆಗೆದು ನೋಡಿದ. ಎಲ್ಲರಲ್ಲೂ ಅವು ಇದ್ದವು. ಮುದುಕನ ಬಾಯಿಯದನ್ನು ಬೆರೆಸಿದ ನೀರಂತೂ ಪೂರ್ತಿ ಜೀವ ತಳೆದಂತೆ ಮಿಸುಕಾಡುತ್ತಿತ್ತು. ಎಳೆಯ ಬಾಯಿಯೆಂದು ಮಗುವಿಗೆ ಅವು ವಿನಾಯಿತಿ ಕೊಟ್ಟಿರಲಿಲ್ಲ ಎಂಬುದನ್ನು ನೆನಪಿಡಿ.

ಇದಾದ ಮೇಲೆ ಒಂದು ಪ್ರಯೋಗ ಮಾಡಿದ. ಹಲ್ಲಿನಿಂದ ತೆಗೆದ ಆ ವಸ್ತುವಿಗೆ ವಿನೆಗರ್ ಬೆರೆಸಿದಾಗ ಜೀವಿಗಳು ತಕ್ಷಣ ಸತ್ತವು. ಆದರೆ ಅದೇ ತೀಕ್ಷ್ಣ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿ ಮತ್ತೆ ನೋಡಿದರೆ, ಹಲ್ಲಿಗೆ ಅಂಟಿಕೊಂಡ ಪದರದೊಳಗಿನವು ಇನ್ನೂ ಜೀವಂತವಾಗಿದ್ದವು. ದ್ರವ ಆ ಪದರದ ಒಳಕ್ಕೆ ಇಳಿದಿರಲಿಲ್ಲ. ದಂತವೈದ್ಯರು ಪ್ಲಾಕ್ ಎಂದು ಕರೆಯುವುದು ಈ ಅಂಟು ಪದರವನ್ನೇ. ವಿನೆಗರ್‌ಗೇ ಬಗ್ಗದ್ದು ಬರಿಯ ನೀರಿಗೆ ಬಗ್ಗೀತೇ? ಮುಕ್ಕಳಿಸಿದರೆ ಅದು ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು.

ಕೆಲವು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಮುಂದಿನ ಹಲ್ಲುಗಳಲ್ಲಿ ಚಲಿಸುವ ಜೀವಿಗಳು ಕಾಣಲಿಲ್ಲ. ಬೆಳಿಗ್ಗೆ ಕುಡಿಯುವ ಬಿಸಿ ಕಾಫಿ ಅವನ್ನು ಕೊಂದಿರಬೇಕೆಂದು ಊಹಿಸಿದ. ಬಿಸಿ ತಾಗದ ಹಿಂದಿನ ದವಡೆ ಹಲ್ಲುಗಳನ್ನು ನೋಡಿದರೆ ಅಲ್ಲಿ ಅವು ಹಾಯಾಗಿದ್ದವು! ಇದನ್ನು 1692ರಲ್ಲಿ ಬರೆದ. ಮಗು ನಕ್ಕಾಗ ಕಾಣುವ ಮುಂದಿನ ಹಲ್ಲುಗಳನ್ನು ನೋಡಿ ಎಲ್ಲ ಚೆನ್ನಾಗಿದೆ ಎಂದುಕೊಳ್ಳುವ ನಮಗೂ ಇದರಲ್ಲಿ ಪಾಠವಿದೆ.

ಇನ್ನೊಂದು ಘಟನೆಯೂ ಉಂಟು. ನಮ್ಮ ಭಾಷೆಯಲ್ಲಿ ಕೆಟ್ಟ ಹಲ್ಲನ್ನು ಹುಳುಕು ಹಲ್ಲು ಎನ್ನುತ್ತೇವೆ, ಹಲ್ಲಿಗೆ ಹುಳು ಬಿದ್ದಿದೆ ಎನ್ನುತ್ತೇವೆ. ಹುಳು ತೆಗೆದುಕೊಡುತ್ತೇವೆಂದು ಹಣ ಕೀಳುವವರು ನಮ್ಮ ಸಂತೆಬೀದಿಗಳಲ್ಲೂ ಕುಳಿತದ್ದುಂಟು. ಯೂರೋಪಿನಲ್ಲೂ ಇದೇ ನಂಬಿಕೆ ಇತ್ತು. ಹೊಗೆ ಕೊಟ್ಟು ಹಲ್ಲಿನಿಂದ ಹೊರತೆಗೆದದ್ದು ಎನ್ನಲಾದ ಹುಳುಗಳು ಲೀವೆನ್‌ಹುಕ್‌ನ ಕೈಗೆ ಬಂದವು. ಆತ ಪರೀಕ್ಷಿಸಿ, ಅವು ಗಿಣ್ಣದಲ್ಲಿ, ಅಂದರೆ ಚೀಸಿನಲ್ಲಿ ಬೆಳೆಯುವ ಹುಳುಗಳೇ ಎಂದು ಕಂಡುಕೊಂಡ.

ಹಾಗಾದರೆ ಹಲ್ಲನ್ನು ಕೊರೆಯುವುದು ಯಾವುದು? ಉತ್ತರಕ್ಕೆ ಇನ್ನೂ ಎರಡು ಶತಮಾನ ಕಾಯಬೇಕಾಯಿತು. ಬರ್ಲಿನ್‌ನಲ್ಲಿದ್ದ ಮಿಲ್ಲರ್ ಎಂಬ ದಂತವೈದ್ಯರು 1890ರಲ್ಲಿ ಅದನ್ನು ವಿವರಿಸಿದರು. ಬಾಯಲ್ಲಿ ಉಳಿದ ಸಿಹಿ ಮತ್ತು ಹಿಟ್ಟಿನ ಅಂಶಗಳಿಂದ ಸೂಕ್ಷ್ಮಾಣುಗಳು ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಹೊರಕವಚವನ್ನು ಕರಗಿಸುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಬಾಯಲ್ಲಿ ರಾತ್ರಿಯಿಡೀ ನಡೆಯುವುದು ಇದೇ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ತೊಳೆದುಹೋಗುವುದೂ ಕಡಿಮೆ.

ಪ್ರಿಯ ಓದುಗರೇ, ಹಾಲುಹಲ್ಲು ಹೇಗೂ ಬೀಳುತ್ತದೆ ಎಂಬ ಮಾತು ಅರ್ಧ ನಿಜ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕಾದವು. ಮಗು ಅಗಿಯುವುದು ಅವುಗಳಿಂದ. ಬರಲಿರುವ ಹಲ್ಲಿಗೆ ಜಾಗ ಕಾಯ್ದಿಡುವುದೂ ಅವೇ. ಅವು ಬೇಗ ಹೋದರೆ ಹೊಸ ಹಲ್ಲುಗಳು ವಕ್ರವಾಗಿ ಬರಬಹುದು. ಇನ್ನೊಂದು ವಿಷಯ: ಸುಮಾರು ಆರನೆಯ ವರ್ಷದಲ್ಲಿ ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದವಡೆ ಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದು ಭಾವಿಸಿ ಎಷ್ಟೋ ತಂದೆತಾಯಂದಿರು ಅಲಕ್ಷಿಸುತ್ತಾರೆ. ಅದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು.

ಆದ್ದರಿಂದ ಮೊದಲ ಹಲ್ಲು ಮೂಡಿದಂದಿನಿಂದಲೇ ಮೆತ್ತನೆಯ ಚಿಕ್ಕ ಬ್ರಷ್‌ನಿಂದ ದಿನಕ್ಕೆರಡು ಬಾರಿ ಉಜ್ಜಿ. ರಾತ್ರಿ ಮಲಗುವ ಮುನ್ನ ತಪ್ಪದೆ ಉಜ್ಜಿ. ಫ್ಲೋರೈಡ್ ಇರುವ ಪೇಸ್ಟ್ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿಯಷ್ಟು ಸಾಕು; ನುಂಗದೆ ಉಗುಳಲು ಕಲಿಸಿ. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ವೈದ್ಯರನ್ನು ಕೇಳಿ ನಡೆಯಿರಿ. ಲೀವೆನ್‌ಹುಕ್‌ನ ಉಪ್ಪನ್ನಾಗಲೀ ಇದ್ದಿಲು, ಇಟ್ಟಿಗೆ ಪುಡಿಯನ್ನಾಗಲೀ ಮಕ್ಕಳ ಹಲ್ಲಿಗೆ ಹಚ್ಚಬೇಡಿ. ಅವು ಹಲ್ಲನ್ನು ಸವೆಸುತ್ತವೆ. ಏಳೆಂಟು ವರ್ಷದವರೆಗೆ ಮಗುವಿನ ಕೈ ಇನ್ನೂ ಪಳಗಿರುವುದಿಲ್ಲ. ಅದು ತಾನೇ ಉಜ್ಜಿಕೊಂಡರೂ ನಂತರ ನೀವೊಮ್ಮೆ ಉಜ್ಜಿ, ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಸೂಚನೆಯಾಗಿರಬಹುದು. ಆ ಹಂತದಲ್ಲಿ ಅದನ್ನು ತಡೆಯಲು ಸಾಧ್ಯ.

ಮೊದಲ ಹುಟ್ಟುಹಬ್ಬದೊಳಗೆ ಮಗುವನ್ನು ಒಮ್ಮೆ ದಂತವೈದ್ಯರಿಗೆ ತೋರಿಸಿ. ಆಮೇಲೆ ಆರು ತಿಂಗಳಿಗೊಮ್ಮೆ, ಇಲ್ಲವೇ ಅವರು ಹೇಳಿದ ಸಮಯಕ್ಕೆ ಕರೆದುಕೊಂಡು ಹೋಗಿ. ನೋವು ಬಂದ ಮೇಲೆಯೇ ಹೋದರೆ ಮಗುವಿಗೆ ದಂತವೈದ್ಯರೆಂದರೆ ನೋವೇ ನೆನಪಾಗುತ್ತದೆ. ನೋವಿಲ್ಲದಾಗ ಹೋದ ಮಗು ನಗುತ್ತಾ ಬಾಯಿ ತೆರೆಯಲು ಕಲಿಯುತ್ತದೆ. ತುಂಟತನ ಮಾಡಿದಾಗ ಡಾಕ್ಟರ ಹತ್ತಿರ ಕರೆದೊಯ್ದು ಹಲ್ಲು ಕೀಳಿಸುತ್ತೇನೆಂದು ಮಾತ್ರ ಹೆದರಿಸಬೇಡಿ.

ಲೀವೆನ್‌ಹುಕ್ ಐವತ್ತು ವರ್ಷ ಪತ್ರ ಬರೆದು, 1723ರ ಆಗಸ್ಟ್ 26ರಂದು ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡ. ಉಳಿದಿದ್ದ ಒಬ್ಬಳೇ ಮಗಳು ಮರಿಯಾ ಮದುವೆಯಾಗದೆ ಕೊನೆಯವರೆಗೂ ತಂದೆಯ ಜೊತೆಗಿದ್ದಳು. ತಂದೆಯ ಇಚ್ಛೆಯಂತೆ ಇಪ್ಪತ್ತಾರು ಬೆಳ್ಳಿಯ ಸೂಕ್ಷ್ಮದರ್ಶಕಗಳಿದ್ದ ಪೆಟ್ಟಿಗೆಯನ್ನು ಲಂಡನ್ನಿಗೆ ಕಳುಹಿಸಿಕೊಟ್ಟವಳು ಅವಳೇ. ಆ ಗಾಜುಗಳು ನಿಮ್ಮ ಮನೆಯಲ್ಲಿ ಇರಬೇಕಾಗಿಲ್ಲ. ಅವು ಕಂಡದ್ದು ನಿಮಗೆ ತಿಳಿದಿದೆ. ಇಂದು ರಾತ್ರಿ ಮಗು ತೂಕಡಿಸಿದರೂ ಸರಿ, ಎರಡು ನಿಮಿಷ ಮಡಿಲಲ್ಲಿ ಕೂರಿಸಿಕೊಂಡು ಹಲ್ಲುಜ್ಜಿ, ಆಮೇಲೆ ಮಲಗಿಸಿ.